ಸ್ಟಾರ್ಟರ್ ಪೆಟ್ಟಿಗೆಯಲ್ಲಿ ತಾಮ್ರಕ್ಕೆ ಅಲ್ಯೂಮಿನಿಯಂ ಜೋಡಿಸುವುದು

ಕೋಲಾರ, ಶ್ರೀನಿವಾಸಪುರದ ಕಡೆ ಸಾವಿರ ಅಡಿ ದಾಟಿದ ಬೋರ್‌ನಿಂದ ಸುಟ್ಟ ಮೋಟಾರ್ ಎತ್ತಿದಾಗ ಎಲ್ಲರೂ ಬೈಯುವುದು ವೋಲ್ಟೇಜನ್ನು. ನಾನು ಮೊದಲು ನೋಡುವುದು ಸ್ಟಾರ್ಟರ್ ಪೆಟ್ಟಿಗೆ. ಟೀಸಿಯಿಂದ (ಟ್ರಾನ್ಸ್‌ಫಾರ್ಮರ್) ಬರುವ ಕೇಬಲ್ ಅಲ್ಯೂಮಿನಿಯಂ, ಬೋರ್‌ಗೆ ಇಳಿಯುವ ಫ್ಲಾಟ್ ಕೇಬಲ್ ತಾಮ್ರ, ನಡುವಿನ ಟರ್ಮಿನಲ್ ಹಿತ್ತಾಳೆ. ಅಲ್ಲಿ ಒಂದು ತುದಿ ಕಾದು ಬಿಟ್ಟುಕೊಂಡರೆ ಒಂದು ಫೇಸ್ ಹೋಯಿತು; ಉಳಿದೆರಡರಲ್ಲಿ ಕರೆಂಟ್ ಸುಮಾರು 1.7 ಪಟ್ಟು ಏರುತ್ತದೆ. ಕರೆಂಟ್ ಮಿತಿ ಮೀರಿದಾಗ ಮೋಟಾರ್ ನಿಲ್ಲಿಸುವ ಓವರ್‌ಲೋಡ್ ರಿಲೇ ಸರಿಯಾಗಿ ಸೆಟ್ ಆಗಿರದಿದ್ದರೆ ವೈಂಡಿಂಗ್ ಉಳಿಯುವುದಿಲ್ಲ.

ಅಲ್ಯೂಮಿನಿಯಂ ಕೇಬಲ್ ಕೀಳೇನಲ್ಲ. 6 ಚದರ ಮಿ.ಮೀ. ತಾಮ್ರಕ್ಕೂ 10 ಚದರ ಮಿ.ಮೀ. ಅಲ್ಯೂಮಿನಿಯಂಗೂ ರೋಧ ಒಂದೇ, ಕಿಲೋಮೀಟರ್‌ಗೆ 3.08 ಓಮ್. 15 ಆಂಪಿಯರ್ ಎಳೆಯುವ ಮೋಟಾರ್‌ಗೆ 300 ಮೀಟರ್ ಎಳೆದರೆ 20 ವೋಲ್ಟ್ ಆಸುಪಾಸು ಇಳಿಯುತ್ತದೆ. ಅಷ್ಟು ದೂರಕ್ಕೆ ನಾನು 16 ಚದರ ಮಿ.ಮೀ. ಅಲ್ಯೂಮಿನಿಯಂ ಹಾಕಿಸುತ್ತೇನೆ.

ತೊಂದರೆಯೆಲ್ಲ ತುದಿಯಲ್ಲಿ. ಅಲ್ಯೂಮಿನಿಯಂ ಹೆರೆದ ಕ್ಷಣದಲ್ಲೇ ಅದರ ಮೇಲೆ ಕರೆಂಟ್ ಹಾಯದ ಆಕ್ಸೈಡ್ ಪೊರೆ ಕಟ್ಟುತ್ತದೆ. ಮೆತ್ತಗಿನ ಲೋಹವಾದ್ದರಿಂದ ತಿರುಪಿನ ಒತ್ತಡಕ್ಕೆ ನಿಧಾನವಾಗಿ ಜರುಗುತ್ತದೆ. ಬಿಸಿಗೆ ತಾಮ್ರಕ್ಕಿಂತ ಮೂರನೇ ಒಂದು ಭಾಗ ಹೆಚ್ಚು ಹಿಗ್ಗುತ್ತದೆ. ತ್ರೀ ಫೇಸ್ ಬಂದಾಗ ಕಾದು, ಹೋದಾಗ ತಣಿದು ಹಿಡಿತ ಸಡಿಲವಾಗುತ್ತದೆ. ತೇವ ಸೇರಿದರೆ ತಾಮ್ರದ ಪಕ್ಕ ಸವೆಯುವುದು ಅಲ್ಯೂಮಿನಿಯಂ. ಬಿಳಿ ಪುಡಿ ಕಂಡರೆ ಇದೇ.

ಫ್ಯೂಸ್ ಕಿತ್ತು, ಟೆಸ್ಟರ್ ಹಿಡಿದು ನೋಡಿದ ಮೇಲೇ ಕೆಲಸ. ಕೇಬಲ್ ತುದಿಗೆ ತೊಡಿಸುವ ಲೋಹದ ಲಗ್‌ನ ಕೊಳವೆಯಷ್ಟು ಉದ್ದಕ್ಕೆ ಇನ್ಸುಲೇಷನ್ ಬಿಡಿಸುತ್ತೇನೆ. ಬ್ಲೇಡಿನ ಗೀರು ಬಿದ್ದ ಎಳೆ ಅಲ್ಲೇ ಮುರಿಯುತ್ತದೆ, ಹಾಗಾಗಿ ಗೀರಾದರೆ ಕತ್ತರಿಸಿ ಮತ್ತೆ. ಗಾಳಿ ತಾಗದಂತೆ ತಡೆಯುವ ಜಾಯಿಂಟ್ ಪೇಸ್ಟ್ ಮೊದಲೇ ಸವರಿ, ಅದರ ಮೇಲೇ ತಂತಿ ಬ್ರಷ್ ಉಜ್ಜುತ್ತೇನೆ. ಒಣಗಿದ್ದಾಗ ಉಜ್ಜಿದರೆ ಪೊರೆ ಮತ್ತೆ ಕೂರುತ್ತದೆ. ತಾಮ್ರಕ್ಕೆ ಬಳಸಿದ ಬ್ರಷ್ ಇದಕ್ಕೆ ಬೇಡ. ಲಗ್ ಬೈಮೆಟಾಲಿಕ್ ಆಗಿರಬೇಕು: ಕೊಳವೆ ಅಲ್ಯೂಮಿನಿಯಂ, ಟರ್ಮಿನಲ್‌ಗೆ ಕೂರುವ ಚಪ್ಪಟೆ ಎಲೆ ತಾಮ್ರ. ಕೊಳವೆಯನ್ನು ಒತ್ತಿ ಬಿಗಿಯುವ ಕ್ರಿಂಪಿಂಗ್ ಟೂಲ್‌ನಲ್ಲಿ ಅದೇ ಅಳತೆಯ ಡೈ (ಅಚ್ಚು). ಸುತ್ತಿಗೆಯಲ್ಲಿ ಚಪ್ಪಟೆ ಮಾಡುವುದು, ಏಳು ಎಳೆಯಲ್ಲಿ ಎರಡನ್ನು ಕತ್ತರಿಸಿ ತೂತಿಗೆ ತೂರಿಸುವುದು, ತಾಮ್ರಕ್ಕೆ ಸುತ್ತಿ ಟೇಪ್ ಹಾಕುವುದು ಎಲ್ಲವೂ ನಡೆಯುತ್ತವೆ, ಬೇಸಿಗೆಯವರೆಗೆ. ಎಲೆಯ ಮೇಲೆ ಚಪ್ಪಟೆ ವಾಷರ್, ಅದರ ಮೇಲೆ ಸ್ಪ್ರಿಂಗ್ ವಾಷರ್, ಆಮೇಲೆ ನಟ್.

ಅರ್ಧ ಗಂಟೆ ಓಡಿಸಿ ಕ್ಲ್ಯಾಂಪ್ ಮೀಟರ್‌ನಲ್ಲಿ ಮೂರೂ ಫೇಸ್ ನೋಡಬೇಕು, ಹತ್ತಿರ ಹತ್ತಿರ ಬರಬೇಕು. ಮತ್ತೆ ಫ್ಯೂಸ್ ಕಿತ್ತು, ಟೆಸ್ಟರ್ ಹಿಡಿದು, ಲಗ್ ಮುಟ್ಟಿದರೆ ಮೂರರಲ್ಲಿ ಹೆಚ್ಚು ಬಿಸಿಯಿರುವುದೇ ಕೆಟ್ಟ ಜೋಡಣೆ. ತಿಂಗಳಾದ ಮೇಲೆ ಒಮ್ಮೆ ನಟ್ ಬಿಗಿ ನೋಡುತ್ತೇನೆ, ಆಮೇಲೆ ಪ್ರತಿ ವರ್ಷ ಶಿವರಾತ್ರಿ ಹೊತ್ತಿಗೆ.