‘ಟಾಡ್ರಿ’ ಎಂಬ ಪದದ ಬೆನ್ನು ಹತ್ತಿ

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವಾಗ ನನಗೆ ಹೆಚ್ಚು ಹೊತ್ತು ಹಿಡಿಯುವುದು ಗುಣವಾಚಕಗಳೇ. ನಾಮಪದ ಹೇಗೋ ಕೈಗೆ ಸಿಗುತ್ತದೆ. ಗುಣವಾಚಕದಲ್ಲಿ ಬರೆದವರು ಮೂಗು ಮುರಿದದ್ದೂ ಸೇರಿರುತ್ತದೆ. ‘ಟಾಡ್ರಿ’ (tawdry) ಅಂಥ ಪದ. ನಿಘಂಟು ‘ಅಗ್ಗದ, ಥಳುಕಿನ’ ಎಂದು ಮುಗಿಸಿಬಿಡುತ್ತದೆ. ನಾನು ಅರ್ಥಕ್ಕಿಂತ ಮೊದಲು ಆ ಪದ ಯಾರ ಜೊತೆ ಓಡಾಡುತ್ತದೆ ಎಂದು ನೋಡುತ್ತೇನೆ. ಇದರ ಜೊತೆಗಾರರು ಎರಡು ಗುಂಪು: ಒಡವೆ, ಪರದೆ, ಹೋಟೆಲ್ ಕೋಣೆ ಒಂದು ಕಡೆ, ಹಗರಣ, ಕದ್ದುಮುಚ್ಚಿದ ಸಂಬಂಧ, ಅದರ ವಿವರಗಳು ಇನ್ನೊಂದು ಕಡೆ. ಎರಡನೆಯದರಲ್ಲಿ ಥಳುಕೆಲ್ಲಿ ಬಂತು?

ಉತ್ತರಕ್ಕೆ ಪದದ ಮೂಲಕ್ಕೇ ಹೋಗಬೇಕಾಯಿತು. 7ನೇ ಶತಮಾನದ ಇಂಗ್ಲೆಂಡಿನಲ್ಲಿ ಎಥೆಲ್‌ಡ್ರೆಡಾ ಎಂಬ ರಾಜಕುಮಾರಿ ರಾಣಿಪಟ್ಟ ಬಿಟ್ಟು ಸನ್ಯಾಸಿನಿಯಾದಳು. 673ರಲ್ಲಿ ಈಲಿ ಎಂಬಲ್ಲಿ ಮಠ ಕಟ್ಟಿದಳು. 679ರಲ್ಲಿ ಸಾಯುವ ಮುಂಚೆ ಅವಳ ಕುತ್ತಿಗೆಯಲ್ಲಿ ಗಡ್ಡೆ ಎದ್ದಿತ್ತು. ಹರೆಯದಲ್ಲಿ ಹೇರಿಕೊಂಡ ಕಂಠಹಾರಗಳ ಪಾಪಕ್ಕೆ ಇದು ಪ್ರಾಯಶ್ಚಿತ್ತ ಎಂದು ಅವಳು ಸಂತೋಷವಾಗಿಯೇ ಸಹಿಸಿಕೊಂಡಳೆಂದು 731ರಲ್ಲಿ ಬೀಡ್ ಎಂಬ ಪಾದ್ರಿ ಬರೆದಿಟ್ಟಿದ್ದಾನೆ. ಜನರ ಬಾಯಲ್ಲಿ ಆಕೆ ಸೇಂಟ್ ಆಡ್ರಿ ಆದಳು. ಈಲಿಯಲ್ಲಿ ಅವಳ ಹೆಸರಿನಲ್ಲಿ ಅಕ್ಟೋಬರ್ 17ರ ಸುಮಾರಿಗೆ ಜಾತ್ರೆ. ಅಲ್ಲಿ ಮಾರುತ್ತಿದ್ದದ್ದೇನು ಗೊತ್ತೇ? ಕುತ್ತಿಗೆಗೆ ಕಟ್ಟಿಕೊಳ್ಳುವ ಬಣ್ಣದ ರೇಷ್ಮೆಪಟ್ಟಿ! ಹಾರ ತೊಟ್ಟದ್ದಕ್ಕೆ ಪರಿತಪಿಸಿದವಳ ಹೆಸರಿನಲ್ಲೇ ಕುತ್ತಿಗೆಯ ಶೃಂಗಾರದ ವ್ಯಾಪಾರ.

ಆ ಪಟ್ಟಿಯ ಹೆಸರು ‘ಸೇಂಟ್ ಆಡ್ರಿ ಲೇಸ್’. ಅದನ್ನು ಬೇಗ ಬೇಗ ಹೇಳುತ್ತ ಹೋದರೆ ಸೇಂಟ್‌ನ ಕೊನೆಯ ‘ಟ್’ ಆಡ್ರಿಗೆ ಅಂಟಿಕೊಳ್ಳುತ್ತದೆ. ಲಂಡನ್ನಿನ ಟೂಲಿ ಸ್ಟ್ರೀಟ್ ಕೂಡ ಹೀಗೆಯೇ ಸೇಂಟ್ ಓಲಾವ್ ಎಂಬುದರಿಂದ ಬಂದದ್ದು. ಕಾಲ ಕಳೆದಂತೆ ಆ ಪಟ್ಟಿಗಳು ಕಳಪೆ ಸರಕಿನ ಲೆಕ್ಕಕ್ಕೆ ಬಿದ್ದವು. 17ನೇ ಶತಮಾನದ ಕೊನೆಯ ಹೊತ್ತಿಗೆ ಹೆಸರು ಗುಣವಾಚಕವಾಗಿ, ಬೈಗುಳದ ಹತ್ತಿರಕ್ಕೆ ಬಂದಿತ್ತು.

ಇದು ತಿಳಿದ ಮೇಲೆ ಎರಡು ಗುಂಪೂ ಒಂದಾದವು. ಬರೀ ಅಗ್ಗವಾದದ್ದು ಟಾಡ್ರಿ ಅಲ್ಲ. ಅಗ್ಗವಾಗಿದ್ದೂ ಸಿಂಗರಿಸಿಕೊಂಡು ಮೆರೆಯುವುದು ಟಾಡ್ರಿ. ಹತ್ತು ರೂಪಾಯಿಯ ಸ್ಟೀಲ್ ಲೋಟ ಯಾವ ಸೋಗನ್ನೂ ಹಾಕುವುದಿಲ್ಲ, ಹಾಗಾಗಿ ಅದಕ್ಕೆ ಈ ಪದ ಸಲ್ಲದು. ‘ಗಾಡಿ’ (gaudy) ಎಂಬ ಇನ್ನೊಂದು ಇಂಗ್ಲಿಷ್ ಪದವಿದೆ, ನಮ್ಮ ಎತ್ತಿನ ಗಾಡಿಯಲ್ಲ. ಅದಕ್ಕೆ ಕಣ್ಣಿಗೆ ರಾಚುವ ಬಣ್ಣವಿದ್ದರೆ ಸಾಕು, ಲಕ್ಷಗಟ್ಟಲೆ ಸುರಿದ ಮದುವೆ ಮಂಟಪಕ್ಕೂ ಹೊಂದುತ್ತದೆ. ಟಾಡ್ರಿಯಲ್ಲಿ ಸಣ್ಣತನದ ವಾಸನೆ ಬೇಕೇ ಬೇಕು.

ಕನ್ನಡದಲ್ಲಿ ಒಡವೆಗಾದರೆ ‘ಗಿಲೀಟಿನ’ ಎಂದು ಬರೆಯುತ್ತೇನೆ. ಹಗರಣಕ್ಕೆ ಅದು ಒಗ್ಗದು, ‘ಕೀಳು’ ಎನ್ನುವುದೇ ಸರಿ. ಎರಡೂ ಅರ್ಥ ಒಟ್ಟಿಗೆ ಬೇಕಾದಲ್ಲಿ ಗುಣವಾಚಕವನ್ನೇ ಕೈಬಿಟ್ಟು ‘ಮೇಲೆ ಥಳುಕು, ಒಳಗೆ ಹುಳುಕು’ ಎಂದು ವಾಕ್ಯ ತಿರುಗಿಸುತ್ತೇನೆ.

ಹಳೆಯ ಪಠ್ಯವಾದರೆ ಮಾತ್ರ ಇದಾವುದೂ ಬೇಡ. ಶೇಕ್ಸ್‌ಪಿಯರ್‌ನ ‘ದಿ ವಿಂಟರ್ಸ್ ಟೇಲ್’ನಲ್ಲಿ ಮೋಪ್ಸಾ ಎಂಬ ಕುರಿ ಕಾಯುವ ಹುಡುಗಿ, ಕೊಡಿಸುತ್ತೇನೆಂದು ಮಾತು ಕೊಟ್ಟಿದ್ದೆಯಲ್ಲ ಎಂದು ತನ್ನವನನ್ನು ಪೀಡಿಸಿ ಕೇಳುವುದು ಟಾಡ್ರಿ ಲೇಸನ್ನೇ. ಅದನ್ನು ಗಿಲೀಟು ಮಾಡಿದರೆ ಹುಡುಗಿಗೆ ಅನ್ಯಾಯ; ಅಲ್ಲಿ ‘ಜಾತ್ರೆಯ ರೇಷ್ಮೆಪಟ್ಟಿ’ ಅಂದರೆ ಸಾಕು.