ಐಕಾನ್ ಕಾಣದಿದ್ದರೆ ವಿಂಡೋ ಮರೆಯಾಗಬಾರದು: ಪಿಜಿನ್‌ಗೆ ಟ್ರೇ ಪ್ಲಗಿನ್ ಬರೆದ ನನ್ನ ಅನುಭವ

ಪಿಜಿನ್‌ನಂತಹ ಸಂದೇಶ ತಂತ್ರಾಂಶವನ್ನು ಬಳಸುವವರಲ್ಲಿ ಹೆಚ್ಚಿನವರು ಸ್ನೇಹಿತರ ಪಟ್ಟಿಯನ್ನು ದಿನವಿಡೀ ಪರದೆಯ ಮೇಲೆ ತೆರೆದಿಟ್ಟುಕೊಳ್ಳುವುದಿಲ್ಲ. ಮುಚ್ಚುವ ಗುಂಡಿ ಒತ್ತಿದಾಗ ಪಟ್ಟಿ ಮರೆಯಾಗುತ್ತದೆ, ತಂತ್ರಾಂಶ ಹಿನ್ನೆಲೆಯಲ್ಲಿ ಓಡುತ್ತಲೇ ಇರುತ್ತದೆ, ಅದನ್ನು ಮತ್ತೆ ಎದುರಿಗೆ ತರಲು ಸಿಸ್ಟಂ ಟ್ರೇಯಲ್ಲಿ (ಪರದೆಯ ಅಂಚಿನಲ್ಲಿ, ಗಡಿಯಾರದ ಬಳಿ) ಇರುವ ಪುಟ್ಟ ಐಕಾನ್ ಒಂದೇ ದಾರಿಯಾಗಿ ಉಳಿಯುತ್ತದೆ. ಆ ಐಕಾನ್ ಯಾವ ಕಾರಣಕ್ಕಾದರೂ ಕಾಣದೆ ಹೋದರೆ, ಬಳಕೆದಾರರು ಆನ್‌ಲೈನ್ ಇದ್ದಾರೆಂದು ಎದುರಿನವರಿಗೆ ತೋರುತ್ತಿರುತ್ತದೆ, ಸಂದೇಶಗಳೂ ಬರುತ್ತಿರುತ್ತವೆ, ಅವರಿಗೆ ಮಾತ್ರ ಒಂದೂ ತಿಳಿಯುವುದಿಲ್ಲ. ಆ ಐಕಾನನ್ನು ನೋಡಿಕೊಳ್ಳಲು ಬರೆದ, ಕೆಲವೇ ನೂರು ಸಾಲುಗಳ ಈ ಪ್ಲಗಿನ್ (ಪೂರಕ ತಂತ್ರಾಂಶ) ಮೇಲೆ ನಾನು ಇಷ್ಟು ಶ್ರಮ ಹಾಕಿದ್ದಕ್ಕೆ ಕಾರಣ ಇದೇ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1998ರಲ್ಲಿ ಗೇಮ್ ಎಂಬ ಹೆಸರಿನಲ್ಲಿ ಆರಂಭವಾದ ಈ ತಂತ್ರಾಂಶ 2007ರಲ್ಲಿ ಪಿಜಿನ್ ಆಯಿತು. ಅದರ ಎರಡನೆಯ ಆವೃತ್ತಿ ವಿಂಡೋ, ಗುಂಡಿಗಳನ್ನು ರೂಪಿಸುವ ಜಿಟಿಕೆ 2 ಗ್ರಂಥಾಲಯದ ಮೇಲೆ ನಿಂತಿದೆ. ಆ ಕಾಲದ ಲಿನಕ್ಸ್ ಡೆಸ್ಕ್‌ಟಾಪ್‌ಗಳಲ್ಲಿ ಟ್ರೇ ಐಕಾನ್ ಎಂದರೆ ಎಕ್ಸ್‌ಎಂಬೆಡ್ ವಿಧಾನದಲ್ಲಿ ಪ್ಯಾನೆಲ್‌ನೊಳಗೆ (ಟ್ರೇ ಇರುವ ಅಂಚಿನ ಫಲಕ) ಕೂರಿಸಿದ ಒಂದು ಸಣ್ಣ ಎಕ್ಸ್ ವಿಂಡೋ. 2006ರಲ್ಲಿ ಬಂದ ಜಿಟಿಕೆ 2.10 ಇದಕ್ಕೆಂದೇ ಒಂದು ಸವಲತ್ತನ್ನು ಕೊಟ್ಟಿತು, 3.14ರಲ್ಲಿ ಅದನ್ನು ಬಳಸಬೇಡಿ ಎಂಬ ಸೂಚನೆ ಬಂತು. ಜಿಟಿಕೆ 4ರಲ್ಲಿ ಅದನ್ನು ತೆಗೆದೇ ಹಾಕಲಾಯಿತು. ಗ್ನೋಮ್ ಎಂಬ ಡೆಸ್ಕ್‌ಟಾಪ್ 2017ರ 3.26ನೇ ಆವೃತ್ತಿಯಲ್ಲಿ ಹಳೆಯ ಟ್ರೇಯನ್ನು ಕೈಬಿಟ್ಟಿತು. ಇನ್ನೊಂದು ಡೆಸ್ಕ್‌ಟಾಪ್ ಕಟ್ಟುವ ಕೆಡಿಇ ಬಳಗದಿಂದ ಹೊರಟ ಸ್ಟೇಟಸ್ ನೋಟಿಫೈಯರ್ ಐಟಂ ಎಂಬ ವಿಧಾನ ಈಗ ಹೆಚ್ಚು ಕಡೆ ನಡೆಯುತ್ತದೆ. ಇದರಲ್ಲಿ ತಂತ್ರಾಂಶ ಯಾವ ವಿಂಡೋವನ್ನೂ ಪ್ಯಾನೆಲ್‌ಗೆ ಒಪ್ಪಿಸುವುದಿಲ್ಲ. ತನ್ನ ಐಕಾನ್‌ನ ಹೆಸರು, ಸ್ಥಿತಿ, ಮೆನು ಇವುಗಳನ್ನು, ತಂತ್ರಾಂಶಗಳು ಪರಸ್ಪರ ಮಾತಾಡಲು ಬಳಸುವ ಡಿ-ಬಸ್ ಮೂಲಕ ತಿಳಿಸುತ್ತದೆ, ಚಿತ್ರ ಬಿಡಿಸುವುದು ಪ್ಯಾನೆಲ್‌ನ ಕೆಲಸ. ನಾವು ಕೆಲಸ ಮಾಡುವಲ್ಲಿ ಕೆಲವರ ಬಳಿ ಕೆಡಿಇಯ ಪ್ಲಾಸ್ಮಾ ಡೆಸ್ಕ್‌ಟಾಪ್, ಕೆಲವರ ಬಳಿ ಎಕ್ಸ್‌ಎಫ್‌ಸಿಇ, ಉಳಿದವರ ಬಳಿ ಉಬುಂಟು ಇದ್ದುದರಿಂದ, ಪಿಜಿನ್‌ನ ಒಳಗಿನ ಟ್ರೇ ಐಕಾನನ್ನು ಆಯ್ಕೆಗಳಲ್ಲಿ ‘ಎಂದೂ ತೋರಿಸಬೇಡ’ ಎಂದಿಟ್ಟು, ಹೊಸ ವಿಧಾನವನ್ನು ಪಾಲಿಸುವ ಪ್ಲಗಿನ್ ಒಂದನ್ನು ಸಿ ಭಾಷೆಯಲ್ಲಿ ಬರೆಯಲು ಕೂತೆ.

ಐಕಾನ್ ತೋರಿಸುವುದು ಇದರಲ್ಲಿ ಸುಲಭದ ಭಾಗ. ಕಷ್ಟವಿರುವುದು, ಐಕಾನ್ ನಿಜವಾಗಿಯೂ ಬಳಕೆದಾರರ ಕಣ್ಣಿಗೆ ಬೀಳುತ್ತಿದೆಯೇ ಎಂಬುದನ್ನು ಪ್ರತಿ ಕ್ಷಣವೂ ಸರಿಯಾಗಿ ತಿಳಿದುಕೊಂಡಿರುವುದರಲ್ಲಿ. ಪಿಜಿನ್‌ನಲ್ಲಿ ಇದಕ್ಕೆ ತಕ್ಕ ವ್ಯವಸ್ಥೆಯೊಂದಿದೆ, ಅದನ್ನು ರೂಪಿಸಿದವರ ದೂರದೃಷ್ಟಿಯನ್ನು ನಾನು ಮೆಚ್ಚುತ್ತೇನೆ. ಪಟ್ಟಿಯನ್ನು ಮರೆಮಾಡಿ ಮತ್ತೆ ತೋರಿಸುವ ಹೊಣೆ ಹೊತ್ತವರು ಎಷ್ಟು ಮಂದಿ ಎಂಬ ಎಣಿಕೆಯನ್ನು ತಂತ್ರಾಂಶ ಇಟ್ಟುಕೊಂಡಿರುತ್ತದೆ. ಎಣಿಕೆ ಸೊನ್ನೆಗಿಂತ ಹೆಚ್ಚಿದ್ದರೆ ಮುಚ್ಚುವ ಗುಂಡಿ ಪಟ್ಟಿಯನ್ನು ಮರೆಮಾಡುತ್ತದೆ. ಸೊನ್ನೆಯಿದ್ದರೆ ಅದೇ ಗುಂಡಿ ತಂತ್ರಾಂಶವನ್ನೇ ನಿಲ್ಲಿಸುತ್ತದೆ. ಪಟ್ಟಿ ಮರೆಯಾಗಿದ್ದಾಗ ಎಣಿಕೆ ಸೊನ್ನೆಗೆ ಇಳಿದರೆ ಪಟ್ಟಿ ತಾನಾಗಿಯೇ ಎದುರಿಗೆ ಬರುತ್ತದೆ. ಹಾಗಾಗಿ ಯಾವ ಗಳಿಗೆಯಲ್ಲಿ ಈ ಹೊಣೆ ಹೊರಬೇಕು, ಯಾವ ಗಳಿಗೆಯಲ್ಲಿ ಬಿಟ್ಟುಕೊಡಬೇಕು ಎಂಬುದೇ ಪ್ಲಗಿನ್‌ನ ತಿರುಳು.

ಹೊಸ ವಿಧಾನದಲ್ಲಿ ಎದುರು ಬದಿಗೆ ಎರಡು ಪಾತ್ರಗಳಿವೆ. ವಾಚರ್ ಎಂಬುದು ಐಕಾನ್‌ಗಳ ನೋಂದಣಿ ಇಟ್ಟುಕೊಳ್ಳುತ್ತದೆ. ಹೋಸ್ಟ್ ಎಂಬುದು ಅವುಗಳನ್ನು ಪರದೆಯ ಮೇಲೆ ತೋರಿಸುತ್ತದೆ. ಡಿ-ಬಸ್‌ನಲ್ಲಿ ವಾಚರ್‌ನ ಹೆಸರು ಕಂಡ ಕೂಡಲೇ ಎಲ್ಲವೂ ಸರಿಯಿದೆ ಎಂದುಕೊಳ್ಳುವುದು ಸಹಜ, ಆದರೆ ಅಷ್ಟು ಸಾಲದು. ಪ್ಲಾಸ್ಮಾದಲ್ಲಿ ಈ ಎರಡೂ ಬೇರೆ ಬೇರೆ ಪ್ರಕ್ರಿಯೆಗಳಲ್ಲಿ ಓಡುತ್ತವೆ, ಆದ್ದರಿಂದ ಪ್ಯಾನೆಲ್ ಬಿದ್ದುಹೋದಾಗಲೂ ವಾಚರ್ ಜೀವಂತವಾಗಿದ್ದು ನೋಂದಣಿಯನ್ನು ಸ್ವೀಕರಿಸುತ್ತಲೇ ಇರುತ್ತದೆ. ಹೋಸ್ಟ್ ನೋಂದಾಯಿತವಾಗಿದೆಯೇ ಎಂದು ತಿಳಿಸುವ ಒಂದು ಗುಣವನ್ನು ವಾಚರ್ ಪ್ರಕಟಿಸುತ್ತದೆ. ನನ್ನ ಪ್ಲಗಿನ್ ಅದನ್ನು ಓದಿ, ಹೌದು ಎಂಬ ಉತ್ತರ ಬಂದ ಮೇಲಷ್ಟೇ ಪಟ್ಟಿಯ ಹೊಣೆ ಹೊರುತ್ತದೆ. ವಾಚರ್‌ನ ಹೆಸರು ಡಿ-ಬಸ್‌ನಿಂದ ಮಾಯವಾದರೂ, ಹೋಸ್ಟ್ ಇಲ್ಲವೆಂದು ತಿಳಿದರೂ, ಆ ಕ್ಷಣವೇ ಹೊಣೆ ಬಿಡುತ್ತದೆ, ಪಟ್ಟಿ ಪರದೆಗೆ ಬರುತ್ತದೆ. ಪ್ಯಾನೆಲ್ ಮರಳಿದಾಗ ಐಕಾನನ್ನು ಮತ್ತೆ ನೋಂದಾಯಿಸುವ ಕೆಲಸವೂ ಅದೇ ಜಾಗದಲ್ಲಿ ನಡೆಯುತ್ತದೆ. ವಿಂಡೋಸ್‌ನಲ್ಲಿ ಎಕ್ಸ್‌ಪ್ಲೋರರ್ ಮರುಪ್ರಾರಂಭವಾದಾಗ ‘ಟಾಸ್ಕ್‌ಬಾರ್ ಕ್ರಿಯೇಟೆಡ್’ ಎಂಬ ಸಂದೇಶವನ್ನು ಕೇಳಿಸಿಕೊಂಡು ಐಕಾನನ್ನು ಮತ್ತೆ ಸೇರಿಸುವ ಪದ್ಧತಿಯೂ ಇದೇ ಬಗೆಯದು.

ಲಾಗಿನ್ ಆಗುವ ಹೊತ್ತಿಗೆ ಮಾತ್ರ ಈ ನಿಯಮವನ್ನು ಸ್ವಲ್ಪ ಸಡಿಲಿಸಬೇಕಾಗುತ್ತದೆ. ಸೆಷನ್ ಆರಂಭದಲ್ಲಿ ಪಿಜಿನ್ ಪ್ಯಾನೆಲ್‌ಗಿಂತ ಮೊದಲೇ ಎದ್ದುಬಿಡುವುದು ಸಾಮಾನ್ಯ. ಆಗ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿದರೆ ಪಟ್ಟಿ ಒಮ್ಮೆ ಮಿಂಚಿ, ಪ್ಯಾನೆಲ್ ಬಂದ ಕೂಡಲೇ ಮಾಯವಾಗುತ್ತದೆ. ಹಿಂದಿನ ಸಲ ಐಕಾನ್ ಯಶಸ್ವಿಯಾಗಿ ಕಾಣಿಸಿಕೊಂಡಿತ್ತೇ ಎಂಬುದನ್ನು ಆಯ್ಕೆಗಳ ಕಡತದಲ್ಲಿ ಬರೆದಿಟ್ಟು, ಹೌದಾದರೆ 15 ಸೆಕೆಂಡುಗಳವರೆಗೆ ಕಾಯುವಂತೆ ಮಾಡಿದೆ. ಅಷ್ಟರಲ್ಲಿ ಹೋಸ್ಟ್ ಸಿಗದಿದ್ದರೆ ಪಟ್ಟಿ ಎದುರಿಗೆ ಬರುತ್ತದೆ, ಪ್ಲಗಿನ್ ಮಾತ್ರ ಎಚ್ಚರವಾಗಿದ್ದು ಹೋಸ್ಟ್ ಬರುವುದನ್ನೇ ನೋಡುತ್ತಿರುತ್ತದೆ.

ಗಮನ ಸೆಳೆಯುವ ವಿಷಯಕ್ಕೆ ಬಂದರೆ, ಹಳೆಯ ಪದ್ಧತಿಯಲ್ಲಿ ಐಕಾನನ್ನು ಅರ್ಧ ಸೆಕೆಂಡಿಗೊಮ್ಮೆ ಬದಲಿಸಿ ಮಿನುಗಿಸುತ್ತಿದ್ದರು. ಡಿ-ಬಸ್ ಮೂಲಕ ಹೀಗೆ ಮಾಡಿದರೆ ಪ್ರತಿ ಬದಲಾವಣೆಗೂ ಒಂದು ಸಂಕೇತ ಹೊರಡುತ್ತದೆ, ಅದಕ್ಕೆ ಪ್ರತಿಯಾಗಿ ಹೋಸ್ಟ್ ಬಂದು ಐಕಾನ್‌ನ ವಿವರವನ್ನು ಮತ್ತೆ ಓದುತ್ತದೆ. ಓದದ ಸಂದೇಶವೊಂದು ಮಧ್ಯಾಹ್ನದ ಊಟದ ಹೊತ್ತಿನುದ್ದಕ್ಕೂ ಹಾಗೇ ಇದ್ದರೆ ಆಗುವ ವ್ಯರ್ಥ ಓಡಾಟ ಡಿ-ಬಸ್ ಸಂಚಾರವನ್ನು ತೋರಿಸುವ ಡಿಬಸ್-ಮಾನಿಟರ್‌ನಲ್ಲಿ ಸಾಲುಸಾಲಾಗಿ ಕಾಣುತ್ತದೆ. ಹೊಸ ವಿಧಾನದಲ್ಲಿ ಸುಮ್ಮನಿರುವ, ಸಕ್ರಿಯ, ಗಮನ ಬೇಕಾದ ಎಂಬ ಮೂರು ಸ್ಥಿತಿಗಳಿರುವುದರಿಂದ, ಮಿನುಗಿಸುವ ಟೈಮರನ್ನು ಕಿತ್ತುಹಾಕಿ ಸ್ಥಿತಿಯನ್ನು ಒಮ್ಮೆ ಮಾತ್ರ ಬದಲಿಸುತ್ತೇನೆ. ಅದನ್ನು ಹೇಗೆ ತೋರಿಸಬೇಕೆಂಬುದನ್ನು ಪ್ಯಾನೆಲ್ ತೀರ್ಮಾನಿಸಲಿ.

ಇದಕ್ಕಿಂತ ಮುಖ್ಯವಾದದ್ದು, ಯಾವುದಕ್ಕೆ ಗಮನ ಕೇಳಬೇಕು ಎಂಬುದು. ಎಕ್ಸ್‌ಎಂಪಿಪಿ ಎಂಬ ಸಂದೇಶ ವಿಧಾನದ ಗುಂಪು ಕೋಣೆಗೆ ಸೇರಿದ ಕೂಡಲೇ ಸರ್ವರ್ ಹಳೆಯ ಮಾತುಕತೆಯನ್ನು ಸಮಯದ ಮುದ್ರೆಯೊಂದಿಗೆ ಕಳುಹಿಸುತ್ತದೆ. ಪಿಜಿನ್‌ನ ಒಳಗಿನ ಲಿಬ್‌ಪರ್ಪಲ್ ಗ್ರಂಥಾಲಯ ಅಂತಹ ಸಂದೇಶಗಳಿಗೆ ‘ತಡವಾದದ್ದು’ ಎಂಬ ಗುರುತು ಹಾಕುತ್ತದೆ. ಗುಂಪು ಕೋಣೆಗಳಲ್ಲಿ ಆ ಗುರುತಿದ್ದವನ್ನು ಎಣಿಕೆಯಿಂದ ಹೊರಗಿಟ್ಟೆ. ವೈಯಕ್ತಿಕ ಸಂವಾದದಲ್ಲಿ ಅದೇ ಗುರುತಿನೊಂದಿಗೆ ಬರುವುದು ನಾವಿಲ್ಲದಾಗ ಯಾರೋ ಕಳುಹಿಸಿದ ಸಂದೇಶವಾದ್ದರಿಂದ ಅದನ್ನು ಎಣಿಸಲೇಬೇಕು. ಗುಂಪಿನ ಹೊಸ ಮಾತುಗಳಲ್ಲಿಯೂ ಬಳಕೆದಾರರ ಹೆಸರು ಬಂದಾಗ ಮಾತ್ರ ಐಕಾನ್ ಗಮನ ಕೇಳುತ್ತದೆ. ಕಾರಣವಿಲ್ಲದೆ ಕರೆಯುವ ಐಕಾನನ್ನು ಜನ ಎರಡೇ ದಿನಗಳಲ್ಲಿ ನೋಡುವುದನ್ನು ಬಿಡುತ್ತಾರೆ.

ಐಕಾನ್ ಮೇಲೆ ಮೌಸ್ ಇಟ್ಟಾಗ ಕಾಣುವ ಟೂಲ್‌ಟಿಪ್ ಅನ್ನು ಕನ್ನಡ ಹೆಸರುಗಳು ಪರೀಕ್ಷೆಗೊಡ್ಡಿದವು. ಉದ್ದದ ಹೆಸರುಗಳನ್ನು ಮೊಟಕುಗೊಳಿಸದೆ ವಿಧಿಯಿಲ್ಲ. ಬೈಟ್ ಲೆಕ್ಕದಲ್ಲಿ ಕತ್ತರಿಸುವಂತಿಲ್ಲ, ಏಕೆಂದರೆ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ (ವ್ಯಂಜನ, ಹಲಂತ, ಸ್ವರಚಿಹ್ನೆ ಇವುಗಳ ಒಂದೊಂದು ಯುನಿಕೋಡ್ ಸಂಖ್ಯೆಗೂ) 3 ಬೈಟ್ ಬೇಕು. ನಡುವೆ ಕತ್ತರಿ ಬಿದ್ದರೆ ಪಠ್ಯವೇ ಅಸಿಂಧುವಾಗುತ್ತದೆ, ಡಿ-ಬಸ್ ಅಂತಹ ಪಠ್ಯವನ್ನು ಸ್ವೀಕರಿಸುವುದೇ ಇಲ್ಲ. ಸಂಕೇತಗಳ ಲೆಕ್ಕದಲ್ಲಿ ಕತ್ತರಿಸಿದರೂ ಸಮಸ್ಯೆ ತೀರುವುದಿಲ್ಲ. ‘ಲಕ್ಷ್ಮೀನಾರಾಯಣ’ ಎಂಬಲ್ಲಿ ‘ಕ್ಷ್ಮೀ’ ಒಂದೇ 6 ಸಂಕೇತಗಳಿಂದಾಗಿದೆ. ತಪ್ಪಾದ ಜಾಗದಲ್ಲಿ ಕತ್ತರಿಸಿದರೆ ತೆರೆಯ ಮೇಲೆ ‘ಲಕ್’ ಎಂದಷ್ಟೇ ಉಳಿಯುತ್ತದೆ. ಹೀಗಾಗಿ ಕತ್ತರಿಸುವ ಜಾಗದ ಹಿಂದೆ ಹಲಂತ ಚಿಹ್ನೆಯಿದ್ದು ಮುಂದೆ ವ್ಯಂಜನವಿದ್ದರೆ ಇಡೀ ಸಂಯುಕ್ತಾಕ್ಷರದ ಆಚೆಗೆ ಹಿಂದೆ ಸರಿಯುವ, ಒತ್ತು ಸೇರದಂತೆ ತಡೆಯುವ ಅಗೋಚರ ಚಿಹ್ನೆ ನಡುವೆ ಇದ್ದರೆ, ಅಂದರೆ ‘ರಾಜ್‌ಕುಮಾರ್’ ಎಂಬಲ್ಲಿನಂತೆ, ಅಲ್ಲಿಯೇ ನಿಲ್ಲುವ ಒಂದು ಸಣ್ಣ ಫಂಕ್ಷನ್ ಬರೆದೆ. ಟೂಲ್‌ಟಿಪ್‌ನ ಪಠ್ಯದಲ್ಲಿ ಮಾರ್ಕಪ್‌ಗೆ ಅವಕಾಶವಿರುವುದರಿಂದ ಹೆಸರುಗಳಲ್ಲಿ ಬರುವ ಕೋನಾವರಣಗಳನ್ನು (< >) ಕಳುಹಿಸುವ ಮುನ್ನ ತಟಸ್ಥಗೊಳಿಸಬೇಕು. ಮೊಟಕು ಮಾಡಿದ ನಂತರವೇ ಇದನ್ನು ಮಾಡಬೇಕೆಂಬ ಕ್ರಮವೂ ಮುಖ್ಯ.

ಕ್ಲಿಕ್ ಮಾಡಿದಾಗ ಓದದ ಸಂವಾದವಿದ್ದರೆ ಅದು ತೆರೆಯಬೇಕು, ಇಲ್ಲದಿದ್ದರೆ ಪಟ್ಟಿ ಕಾಣಬೇಕು ಅಥವಾ ಮರೆಯಾಗಬೇಕು. ಇಲ್ಲೊಂದು ಸೂಕ್ಷ್ಮವಿದೆ. ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ ಯಾವ ವಿಂಡೋ ಮೇಲೆ ಬರಬೇಕೆಂಬುದನ್ನು ವಿಂಡೋ ಮ್ಯಾನೇಜರ್ ಬಳಕೆದಾರರ ಕೊನೆಯ ಕ್ರಿಯೆಯ ಸಮಯ ನೋಡಿ ನಿರ್ಧರಿಸುತ್ತದೆ. ಡಿ-ಬಸ್ ಮೂಲಕ ಬರುವ ಕ್ಲಿಕ್‌ನಲ್ಲಿ ಪರದೆಯ ಮೇಲಿನ ಸ್ಥಾನವಿರುತ್ತದೆ, ಸಮಯವಿರುವುದಿಲ್ಲ. ಇದರಿಂದಾಗಿ ವಿಂಡೋ ಬೇರೆಯವುಗಳ ಹಿಂದೆಯೇ ತೆರೆದುಕೊಂಡು ಟಾಸ್ಕ್‌ಬಾರ್‌ನಲ್ಲಿ ಹೊಳೆಯುತ್ತ ನಿಲ್ಲುತ್ತದೆ. ಆ ಗಳಿಗೆಯಲ್ಲಿ ಎಕ್ಸ್ ಸರ್ವರ್‌ನಿಂದಲೇ ಸಮಯ ಕೇಳಿ ಪಡೆದು, ಅದರೊಂದಿಗೆ ವಿಂಡೋವನ್ನು ಮುಂದೆ ತರುವಂತೆ ಮಾಡಿದ ಮೇಲೆ ಇದು ನಿಂತಿತು.

ಪ್ಲಗಿನನ್ನು ಮೆಮೊರಿಯಿಂದ ತೆಗೆಯುವಾಗ ಲಿಬ್‌ಪರ್ಪಲ್ ಅದರ ಸಂಕೇತ (ಸಿಗ್ನಲ್) ಜೋಡಣೆಗಳನ್ನು ತಾನೇ ಬಿಡಿಸುತ್ತದೆ, ಆದರೆ ಟೈಮರ್‌ಗಳನ್ನೂ ಡಿ-ಬಸ್‌ನ ಹೆಸರು ಕಾವಲನ್ನೂ ನಾವೇ ತೆಗೆಯಬೇಕು. ಉಳಿದುಹೋದ ಒಂದು ಟೈಮರ್ ಮೆಮೊರಿಯಲ್ಲಿ ಇಲ್ಲದ ಕೋಡನ್ನು ಕರೆದರೆ ಇಡೀ ತಂತ್ರಾಂಶ ಬೀಳುತ್ತದೆ. ಪ್ರತಿ ಬದಲಾವಣೆಯ ನಂತರ ನಾನು ಒಂದೇ ಕ್ರಮದ ಪರೀಕ್ಷೆ ನಡೆಸುತ್ತೇನೆ: ಪಟ್ಟಿಯನ್ನು ಮರೆಮಾಡಿ ಪ್ಯಾನೆಲನ್ನು ಕೊಲ್ಲುವುದು, ಪಟ್ಟಿ ಬಂತೇ ನೋಡುವುದು, ಪ್ಯಾನೆಲನ್ನು ಮತ್ತೆ ಏಳಿಸಿ ಐಕಾನ್ ಮರಳಿತೇ ನೋಡುವುದು, ಕೊನೆಗೆ ಪಟ್ಟಿ ಮರೆಯಲ್ಲಿರುವಾಗಲೇ ಪ್ಲಗಿನನ್ನು ಮೆಮೊರಿಯಿಂದ ತೆಗೆಯುವುದು. ಟ್ರೇ ವಿಸ್ತರಣೆ ಇಲ್ಲದ ಗ್ನೋಮ್‌ನಲ್ಲಿ ಇದೇ ಪ್ಲಗಿನ್ ಹಾಕಿದಾಗ ಹೋಸ್ಟ್ ಎಂದೂ ಸಿಗುವುದಿಲ್ಲ. ಅಲ್ಲಿ ಪ್ಲಗಿನ್ ಹೊಣೆ ಹೊರದೆ ಸುಮ್ಮನಿರುತ್ತದೆ, ಸ್ನೇಹಿತರ ಪಟ್ಟಿ ಉಳಿದ ವಿಂಡೋಗಳಂತೆ ಪರದೆಯ ಮೇಲೆಯೇ ಇರುತ್ತದೆ.