ದಪ್ಪ ಹೊಟ್ಟೆಗೆ ಹೊಕ್ಕುಳಿಗಿಂತ ಮೇಲೆಯೇ ಸ್ಟೋಮಾ: ನಮ್ಮ ಅನುಭವ

ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 35 ದಾಟಿದವರ ರ್‍ಯಾಡಿಕಲ್ ಸಿಸ್ಟೆಕ್ಟಮಿ (ಕ್ಯಾನ್ಸರಿಗೆ ಮೂತ್ರಕೋಶವನ್ನೇ ತೆಗೆಯುವ ಸರ್ಜರಿ) ಎಂದರೆ ಚರ್ಚೆಯೆಲ್ಲ ರಕ್ತಸ್ರಾವ, ಆಳವಾದ ಪೆಲ್ವಿಸ್ ಸುತ್ತಲೇ. ಗಂಟೆ, ಒಂದೂವರೆ ಗಂಟೆ ಹೆಚ್ಚು ಹಿಡಿಯುವುದು ನಿಜ. ಆದರೆ ಮನೆಗೆ ಹೋದಮೇಲೆ ರೋಗಿಯನ್ನು ಕಾಡುವುದು ಇಲಿಯಲ್ ಕಾಂಡ್ಯೂಟಿನ (ಮೂತ್ರ ಹೊರಹಾಕಲು ಸಣ್ಣ ಕರುಳಿನ ತುಂಡಿನಿಂದ ಮಾಡುವ ಕೊಳವೆ) ಸ್ಟೋಮಾ, ಅಂದರೆ ಹೊಟ್ಟೆಯ ಮೇಲೆ ಅದು ತೆರೆಯುವ ಬಾಯಿ.

ಹೊಕ್ಕುಳಿನ ಕೆಳಗೆ, ವಾಡಿಕೆಯ ಜಾಗದಲ್ಲಿ ಇಟ್ಟದ್ದು ಇಂಥವರಲ್ಲಿ ಮತ್ತೆ ಮತ್ತೆ ಕೆಟ್ಟಿತು. ಮಲಗಿದಾಗ ಚೆಂದ ಕಾಣುವ ಸ್ಟೋಮಾ, ಎದ್ದು ನಿಂತರೆ ಜೋತ ಹೊಟ್ಟೆಯ ಮಡಿಕೆಯೊಳಗೆ ಮರೆ. ರೋಗಿಯ ಕಣ್ಣಿಗೇ ಬೀಳದು. ಮೂತ್ರದ ಚೀಲ ಅಂಟಿಸುವ ಪ್ಲೇಟ್ ಸೋರುತ್ತದೆ, ಚರ್ಮ ಸುಲಿಯುತ್ತದೆ. ಮೂರ್ನಾಲ್ಕು ದಿನ ಬರಬೇಕಾದ ಪ್ಲೇಟ್ ದಿನಕ್ಕೊಂದು. ಒಂದಕ್ಕೆ ಮುನ್ನೂರೈವತ್ತು ಎಂದು ಹಿಡಿದರೂ ತಿಂಗಳಿಗೆ ಹತ್ತು ಸಾವಿರ. ಎಷ್ಟು ಮನೆಗಳು ತಡೆಯುತ್ತವೆ?

ಸ್ಟೋಮಾವನ್ನು ಹೊಕ್ಕುಳಿಗಿಂತ ಮೇಲೆ ಇಡೋಣವೆಂದರೆ, ಅಲ್ಲಿಗೆ ಕರುಳು ಎಟಕುವುದಿಲ್ಲ ಎಂದವರೇ ಹೆಚ್ಚು. ಎಟಕುತ್ತದೆ. ಹೊಕ್ಕುಳಿಗಿಂತ ಮೇಲೆ ಕೊಬ್ಬು ತೆಳು, ದಾರಿ ಕಡಿಮೆ. ಹಿಂದಿನ ದಿನವೇ ಮಲಗಿಸಿ, ಕೂರಿಸಿ, ನಿಲ್ಲಿಸಿ, ಬಗ್ಗಿಸಿ ಗುರುತು ಹಾಕಿ. ರೋಗಿಯ ಬೆರಳು ಅಲ್ಲಿಗೆ ತಾನಾಗಿ ಹೋಗಬೇಕು. ಕಾಂಡ್ಯೂಟ್ 15 ಸೆಂ.ಮೀ. ಸಾಲದು, 20ರ ಮೇಲೆ ತೆಗೆಯಿರಿ. ತುದಿಯನ್ನು ಎಳೆದರೆ ಕಪ್ಪಾಗುತ್ತದೆ. ತುದಿ ಹೊಲಿದು ಮುಚ್ಚಿ, ಟರ್ನ್‌ಬುಲ್ ರೀತಿಯಲ್ಲಿ ಕರುಳಿನ ಕುಣಿಕೆಯನ್ನೇ (ಮಡಿಸಿದ ಬಾಗು) ಹೊರತನ್ನಿ. ಮುಚ್ಚಿದ ತುದಿಯ ಕಡೆಗೆ ಸರಿದು ಕೊಯ್ದರೆ ಮೂತ್ರ ಬರುವ ಕವಲು ಚೆನ್ನಾಗಿ ಮಗುಚಿಕೊಳ್ಳುತ್ತದೆ. ಸ್ಟೋಮಾ ಚರ್ಮದಿಂದ ಎರಡೂವರೆ ಸೆಂ.ಮೀ. ಎತ್ತರ ನಿಲ್ಲಲೇಬೇಕು. ಫ್ಯಾಸಿಯಾದಲ್ಲಿ (ಹೊಟ್ಟೆಗೋಡೆಯ ಗಟ್ಟಿ ಪೊರೆ) ತೂತು ಎರಡು ಬೆರಳಗಲ. ಬಿಗಿಯಾದರೆ ದಪ್ಪ ಮೆಸೆಂಟರಿಯ (ಕರುಳಿಗೆ ರಕ್ತನಾಳ ಒಯ್ಯುವ ಪೊರೆ) ರಕ್ತ ಕಟ್ಟುತ್ತದೆ, ಸಡಿಲಾದರೆ ಹರ್ನಿಯಾ. ಆ ಮೆಸೆಂಟರಿಯನ್ನು ನಾವು ತೆಳುಮಾಡುವ ಪಟ್ಟು ಬರೆದು ತಿಳಿಸುವಂಥದ್ದಲ್ಲ, ಟೇಬಲ್ ಪಕ್ಕ ನಿಂತೇ ಕಲಿಯಬೇಕು.

ಎಡ ಯುರೆಟರನ್ನು (ಕಿಡ್ನಿಯಿಂದ ಮೂತ್ರ ತರುವ ನಾಳ) ಕಾಂಡ್ಯೂಟಿನತ್ತ ಎಳೆಯಬೇಡಿ, ಕಾಂಡ್ಯೂಟಿನ ಬುಡವನ್ನೇ ಎಡಕ್ಕೆ ಒಯ್ಯಿರಿ. ಕೊಬ್ಬಿದ ಸಿಗ್ಮಾಯ್ಡ್ (ದೊಡ್ಡ ಕರುಳಿನ ಕೆಳ ಬಾಗು) ಮೆಸೆಂಟರಿಯಡಿ ಎಳೆತಕ್ಕೆ ಸಿಕ್ಕ ಯುರೆಟರ್ ರಕ್ತವಿಲ್ಲದೆ ಮುಂದೆ ಕಿರಿದಾಗುತ್ತದೆ. ತುದಿಯಲ್ಲಿ ರಕ್ತ ಜಿನುಗುವವರೆಗೆ ಕತ್ತರಿಸಿ.

ಗಾಯಕ್ಕೆ ಚರ್ಮದಡಿ ಡ್ರೇನ್ ಹಾಕಿ ನೋಡಿದೆವು, ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ನೆಗೆಟಿವ್ ಪ್ರೆಷರ್ ಡ್ರೆಸಿಂಗ್ (ಗಾಯದ ನೀರನ್ನು ಹೀರುವ ಪಟ್ಟಿ) ವಾಸಿ, ಆದರೆ ದುಬಾರಿ. ಸಕ್ಕರೆ ಕಾಯಿಲೆಯವರಿಗೆ ಮಾತ್ರ ಇಟ್ಟುಕೊಂಡಿದ್ದೇವೆ. 120 ಕೆ.ಜಿ. ದಾಟಿದವರಿಗೆ ಸೋಂಕು ತಡೆಯಲು ಸೆಫಜೋಲಿನ್ 3 ಗ್ರಾಂ, ಸರ್ಜರಿ ಇನ್ನೂ ನಡೆಯುತ್ತಿದ್ದರೆ ನಾಲ್ಕು ಗಂಟೆ ಕಳೆದ ಮೇಲೆ ಮತ್ತೆ. ರಕ್ತ ಹೆಪ್ಪುಗಟ್ಟದಂತೆ ಎನಾಕ್ಸಾಪರಿನ್ ಸೂಜಿ ನಾಲ್ಕು ವಾರ. ಬಿಎಂಐ 40ರ ಮೇಲಿದ್ದು ಕಿಡ್ನಿ ಸರಿಯಿದ್ದರೆ 40 ಮಿ.ಗ್ರಾಂ. ದಿನಕ್ಕೆರಡು ಸಲ. ದುಡ್ಡಿಲ್ಲದೆ ಸೂಜಿ ನಿಲ್ಲುವುದು ಡಿಸ್ಚಾರ್ಜ್ ಆದಮೇಲೆಯೇ. ಅದಕ್ಕೆ ಪೂರ್ತಿ ಕೋರ್ಸನ್ನು ಕೈಗಿಟ್ಟೇ ಕಳಿಸುತ್ತೇವೆ.

ಸರ್ಜರಿಗೆ ಮುಂಚಿನ ಕೀಮೋ ನಡೆಯುವಾಗ ಉಪವಾಸ ಹಾಕಿ ತೂಕ ಇಳಿಸಲು ಹೋಗಬೇಡಿ. ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಗಾಯ ಕೂಡುವುದಿಲ್ಲ.